ಶಿವದಾರದ ಆಚೆ ತುದಿ

ಈ ಕೆಲಸಕ್ಕೆ ಹೊಸದಾಗಿ ಬಂದಿರುವ ಹೆಣ್ಣುಮಕ್ಕಳು ಮೊದಲು ತಿಳಿದುಕೊಳ್ಳಬೇಕಾದ್ದು ಸೀರೆಯ ವಿಷಯ. ನೈಲಾನ್, ಪಾಲಿಯೆಸ್ಟರ್ ಉಡಬೇಡಿ. ಮಗುವಿನ ಜೊಲ್ಲು ಅದರ ಮೇಲೆ ಇಳಿದು ಮೈಗೆ ಅಂಟಿಕೊಳ್ಳುತ್ತದೆ, ಸಂಜೆಗೆ ಹೆಗಲಿನ ಚರ್ಮ ಕೆಂಪಾಗಿರುತ್ತದೆ. ಹಳೆಯ ಹತ್ತಿ ಸೀರೆ ಉಡಿ. ಗಾಜಿನ ಬಳೆ ಬೇಡ, ಮಗು ಹಿಡಿದೆಳೆದರೆ ಒಡೆದು ಇಬ್ಬರಿಗೂ ಚುಚ್ಚುತ್ತದೆ. ತಾಳಿ ಸರ ರವಿಕೆಯ ಒಳಗಿರಲಿ. ಜಡೆ ಬಿಡದೆ ತುರುಬು ಕಟ್ಟಿ. ಇದನ್ನೆಲ್ಲ ಯಾವ ಡಾಕ್ಟರೂ ಹೇಳುವುದಿಲ್ಲ, ಯಾಕೆಂದರೆ ಅವರು ಮಗುವನ್ನು ಎತ್ತಿಕೊಳ್ಳುವುದಿಲ್ಲ.

ತಿ. ನರಸೀಪುರದಲ್ಲಿ ಬುದ್ಧಿ, ಕೈಕಾಲು ಸರಿಯಾಗಿ ಬೆಳೆಯದ ಮಕ್ಕಳ ತರಬೇತಿ ಕೇಂದ್ರವೊಂದಿದೆ. ಮಕ್ಕಳನ್ನು ಒಳಗೆ ಬಿಟ್ಟು ತಾಯಂದಿರು ಹೊರಗಿನ ಪಡಸಾಲೆಯಲ್ಲಿ ಕೂರುತ್ತಾರೆ. ಕೊನೆಯ ಒಂದೆರಡು ವರ್ಷ ನಾನೂ ನನ್ನ ಮಗಳು ಸರ್ವಮಂಗಳನೂ ನಂಜನಗೂಡಿನಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದೆವು. ಅವಳಿಗೆ ಕಲಿಯುವ ವಯಸ್ಸು ಮುಗಿದಿತ್ತು. ಕೂತ ತಾಯಂದಿರಿಗೆ ದಾರ ಹೊಸೆಯುವುದನ್ನು ಕಲಿಸಿ ಎಂದು ಅಲ್ಲಿನ ಸುಷ್ಮಾ ಟೀಚರು ನನ್ನನ್ನು ಕರೆಸುತ್ತಿದ್ದರು. ಇದನ್ನು ಬರೆಯಿರಿ ಎಂದು ಗಂಟುಬಿದ್ದವರೂ ಅವರೇ.

"ನೀವು ಬಸ್ ಹತ್ಕೊಂಡ್ ಹೋದ್ಮೇಲೆ ಇವ್ರೆಲ್ಲ ನನ್ನ ಕೇಳ್ತಾರಮ್ಮ. ನಂಗಿನ್ನೂ ಮದ್ವೇನೇ ಆಗಿಲ್ಲ, ನಾನೇನು ಹೇಳ್ಲಿ?" ಎಂದರು.

ಆ ಪಡಸಾಲೆಯಲ್ಲಿ ಹದಿನಾರು ಎಂಬ ಊರಿನಿಂದ ಕವಿತ ಅನ್ನುವ ಹುಡುಗಿ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಅವಳ ಮಗ ಚಿನ್ನು, ನಾಲ್ಕು ವರ್ಷದವನು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ. ಒಂದು ದಿನ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಕೇಳಿದಳು: "ಅಜ್ಜಿ, ನಮ್ಮತ್ತೆ ಮಗೀನ್ ಕತ್ನಿಂದ ಲಿಂಗ ಬಿಚ್ಚಿ ಎತ್ತಿಟ್ಬುಟ್ಟವ್ರೆ. ಎಂಜ್ಲು ಮಾಡ್ತದೆ, ಬುದ್ಧಿ ಬರ್ಲಿ ಅಂತಾರೆ. ನಾನೇನ್ ಮಾಡ್ಲಿ?"

ನಾನು ದಾರ ಸುತ್ತಿಟ್ಟು ಬಸ್ಸಿಗೆ ಎದ್ದುಬಿಟ್ಟೆ. ಈಗ ಬರೆಯುತ್ತಿರುವುದು ಅವಳಿಗೆ ಅಂತಲೇ ಇಟ್ಟುಕೊಳ್ಳಿ. ಮಿಕ್ಕವರೂ ಓದಬಹುದು.

ನಾನು ಹುಟ್ಟಿದ್ದು ನರಸೀಪುರದ ಮಗ್ಗುಲಲ್ಲಿ, ಸೇರಿದ್ದು ನಂಜನಗೂಡು ಪೇಟೆಯ ಮನೆ. ನಮ್ಮನೆಯವರಿಗೆ ದಿನಸಿ ಅಂಗಡಿ ಇತ್ತು. ನಾನು ಯಾವ ಕಚೇರಿಯಲ್ಲೂ ದುಡಿದವಳಲ್ಲ. ಮಂಗಳನನ್ನು ನೋಡಿಕೊಳ್ಳುವುದೂ ದಾರ ಹೊಸೆಯುವುದೂ, ಇವೆರಡೇ ನನ್ನ ಕೆಲಸ. ಹೋದ ಕಾರ್ತಿಕ ಮಾಸದಲ್ಲಿ ಮಂಗಳ ತೀರಿಕೊಂಡಳು. ಅವತ್ತಿಗೆ ನನಗೆ ನಿವೃತ್ತಿಯಾಯಿತು. ಬಂದವರೆಲ್ಲ "ನಿಮಗೂ ಬಿಡುಗಡೆ ಆಯ್ತು ಬಿಡಿ" ಎಂದು ಹೇಳಿ ಕಾಫಿ ಕುಡಿದು ಹೋದರು.

ಕವಿತನ ಮಾತು ನನಗೆ ಯಾಕೆ ನಾಟಿತು ಎಂದರೆ, ಇಷ್ಟೂ ವರ್ಷ ನಾನು ಜನರ ಹತ್ತಿರ ಕೇಳಿದ್ದು ಅದೊಂದನ್ನೇ. ಕೆಲವರು ಹಣ ಕೇಳುತ್ತಾರೆ, ಕೆಲವರು ಸಹಾಯಕ್ಕೆ ಆಳು ಕೇಳುತ್ತಾರೆ. ನಾನು ನನ್ನ ಮಗಳ ಕತ್ತಿಗೆ ಲಿಂಗ ಕಟ್ಟಿ ಎಂದು ಕೇಳಿದೆ. ನಮ್ಮ ಜನದಲ್ಲಿ ಮಗು ಹುಟ್ಟಿದ ಕೂಡಲೇ ಮನೆತನದ ಗುರುಗಳಾದ ಅಯ್ನೋರು ಬಂದು ಲಿಂಗ ಕಟ್ಟುತ್ತಾರೆ. ಆಮೇಲೆ ಅದು ಮೈಬಿಟ್ಟು ಹೋಗಬಾರದು. ದಿನ ಬೆಳಗ್ಗೆ ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ಸತ್ತಾಗಲೂ ಅದೇ ಅಂಗೈಯಲ್ಲಿ ಅದನ್ನು ಇಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಲಿಂಗ ಇಲ್ಲದವರು ನಮ್ಮವರಲ್ಲ ಎಂದು ಲೆಕ್ಕ. ಅಂದರೆ ನನ್ನ ಮನೆಯಲ್ಲೇ, ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು ನಮ್ಮವಳಲ್ಲ.

ಅವಳಿಗೂ ಹುಟ್ಟಿದಾಗ ಕಟ್ಟಿದ್ದರು. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ಕತ್ತು ನಿಲ್ಲಲಿಲ್ಲ, ಕೂರಲಿಲ್ಲ, ಎಡಗೈ ಮುಷ್ಟಿ ಬಿಚ್ಚಲಿಲ್ಲ. ಮೈಸೂರಿನ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಅವರು ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿ, ಇಂಗ್ಲಿಷಿನಲ್ಲಿ ಪಕ್ಕದವರಿಗೆ ಏನೋ ಹೇಳಿದರು. ನಮ್ಮನೆಯವರು "ಯಾವಾಗ ಸರಿಹೋಗ್ತದೆ ಸಾರ್" ಎಂದಾಗ, "ಇನ್ನೊಂದು ಮಗು ಮಾಡ್ಕೊಳ್ರೀ" ಎಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರು ಮೊದಲನೆಯವರು. ಇನ್ನೊಂದು ಮಗು ಆಗಲಿಲ್ಲ. ಅದು ಶಿವನ ಕರುಣೆಯೋ ಶಿಕ್ಷೆಯೋ ನಾನು ಇನ್ನೂ ತೀರ್ಮಾನ ಮಾಡಿಲ್ಲ.

ನಾವು ಮಾಡಿದ ತಪ್ಪುಗಳಲ್ಲಿ ಒಂದನ್ನು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಯಾರೋ ಹೇಳಿದರು ಎಂದು ಒಬ್ಬ ನಾಟಿ ವೈದ್ಯನ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಸವರಿದೆವು, ಮಾತು ಬರುತ್ತದೆ ಎಂದು. ಮಗು ಮಾತಾಡಲಿಲ್ಲ, ಅಳುವುದನ್ನೂ ಬಿಟ್ಟು ಮಲಗಿಬಿಟ್ಟಿತು. ಎಬ್ಬಿಸಿದರೆ ಏಳಲಿಲ್ಲ. ನನ್ನ ಅತ್ತೆ ಅದನ್ನೇ ಗುಣ ಎಂದುಕೊಂಡು "ನೋಡು, ಎಷ್ಟು ಸಮಾಧಾನವಾಗಿ ಅದೆ ಕೂಸು" ಎಂದರು. ನಮ್ಮನೆಯವರು ಸೈಕಲ್ ಮೇಲೆ ಆಸ್ಪತ್ರೆಗೆ ಒಯ್ದು ಉಳಿಸಿಕೊಂಡರು. ಇಂಥ ಮಕ್ಕಳಿಗೆ ಮದ್ದು ಕೊಡಲು ಊರೆಲ್ಲ ವೈದ್ಯರಿರುತ್ತಾರೆ, ಎತ್ತಿಕೊಂಡು ಓಡಲು ಒಬ್ಬರೂ ಇರುವುದಿಲ್ಲ.

ಆಮೇಲೆ ಅತ್ತೆ ನಂಜುಂಡಪ್ಪನಿಗೆ ಹರಕೆ ಹೊತ್ತರು. ಮಗುವಿನ ಮುಡಿ ಕೊಟ್ಟು ಕಪಿಲಾ ನದಿಯಲ್ಲಿ ಸ್ನಾನ ಮಾಡಿಸುತ್ತೇವೆ ಎಂದು. ಎಲ್ಲ ಕಾಯಿಲೆ ವಾಸಿ ಮಾಡುವ ದೇವರ ಊರಿನಲ್ಲೇ ನಮ್ಮ ಮನೆ, ಆದರೂ ಮಗುವಿಗೆ ಹೀಗಾಯಿತಲ್ಲ ಎಂಬ ಅವಮಾನ ಅವರಿಗೆ. ಮುಡಿ ತೆಗೆಸಿ, ಸ್ನಾನಘಟ್ಟದ ಕೆಳಗಿನ ಮೆಟ್ಟಿಲಲ್ಲಿ ಅತ್ತೆ ಮಗುವನ್ನು ಹಿಡಿದು ಮುಳುಗಿಸಿದರು. ಎತ್ತಿದಾಗ ಕತ್ತು ಬರಿದಾಗಿತ್ತು. ದಾರ ಗುಡಿಯ ಹತ್ತಿರದ ಅಂಗಡಿಯಲ್ಲಿ ಕೊಂಡದ್ದು. ತಿಂಗಳುಗಟ್ಟಲೆ ಜೊಲ್ಲಿನಲ್ಲಿ ನೆನೆದು, ಅವಳು ಚೀಪಿ ಚೀಪಿ, ನೂಲು ಕೊಳೆತಿತ್ತು. ಈಜು ಬರುವವರು ಮುಳುಗಿ ಹುಡುಕಿದರು. ಕಲ್ಲು ಸಿಕ್ಕವು, ಒಡೆದ ಬಳೆ ಸಿಕ್ಕವು, ಲಿಂಗ ಸಿಗಲಿಲ್ಲ.

ಅಯ್ನೋರು ಮನೆಗೆ ಬಂದರು. ಅವರು ಕೆಟ್ಟವರಲ್ಲ, ಅದನ್ನೂ ಬರೆಯಬೇಕು. ನಮ್ಮ ಮದುವೆ ಮಾಡಿಸಿದವರು, ಹಸಿದು ಬಂದವರಿಗೆ ಊಟವಿಲ್ಲ ಎಂದವರಲ್ಲ. ಆದರೆ ಅವತ್ತು ಮಗುವಿನ ಮುಖ ನೋಡದೆ ಗೋಡೆ ನೋಡಿಕೊಂಡು ಮಾತಾಡಿದರು.

"ಲಿಂಗ ಆಟದ ಸಾಮಾನಲ್ಲ ಕಣವ್ವ. ಬಾಯಿಗೆ ಹಾಕ್ಕೊಳ್ತದೆ, ಎಂಜಲಾಯ್ತದೆ. ನಾಳೆ ಇನ್ನೊಂದ್ಸಲ ಕಳ್ಕೊಂಡ್ರೆ ಪಾಪ ಯಾರ ತಲೆಗೆ? ಅರಿವು ಬರ್ಲಿ, ಆಗ ಕಟ್ಟೋಣ."

"ಅರಿವು ಯಾವಾಗ ಬತ್ತದೆ ಬುದ್ಧಿ?" ಎಂದೆ.

"ಅದು ಶಿವನಿಗೇ ಗೊತ್ತು."

ಅತ್ತೆ ಸೆರಗು ಒಡ್ಡಿ ನಮಸ್ಕಾರ ಮಾಡಿದರು. ಮಾತು ಅಲ್ಲಿಗೆ ಮುಗಿಯಿತು. ಅವರು ಹೋದ ಮೇಲೆ ನಾನು ಯೋಚನೆ ಮಾಡಿದ್ದು ಒಂದೇ: ದಾರ ಗಟ್ಟಿಯಾಗಿದ್ದಿದ್ದರೆ? ಕಚ್ಚಿದರೂ ಚೀಪಿದರೂ ಹರಿಯದ ದಾರವೊಂದು ಇದ್ದರೆ ಅಯ್ನೋರ ಭಯ ಹೋಗುತ್ತದೆ, ಮಗಳಿಗೆ ಲಿಂಗ ಬರುತ್ತದೆ. ಎಷ್ಟು ಸುಲಭ ಎಂದುಕೊಂಡಿದ್ದೆ.

ಹತ್ತಿರದ ಕಳಲೆ ಊರಿನಲ್ಲಿ ಸಿದ್ದಮ್ಮಜ್ಜಿ ಎಂಬ ಮುದುಕಿ ಶಿವದಾರ ಹೊಸೆಯುತ್ತಿದ್ದರು. ಲಿಂಗವನ್ನು ಕತ್ತಿಗೆ ಹಾಕಿಕೊಳ್ಳುವ ದಾರಕ್ಕೆ ನಮ್ಮಲ್ಲಿ ಶಿವದಾರ ಎನ್ನುತ್ತಾರೆ. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೋಗಿ ನಿಂತಾಗ ಅಜ್ಜಿ ಅಂಗಡಿ ದಾರದ ತುಂಡನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಇದು ದಾರ ಅಲ್ಲ ಕಣವ್ವ, ನೂಲಿನ ಸಿಂಬೆ. ಹುರಿನೇ ಇಲ್ಲ. ಯಾರು ಮಾರಿದ್ದು ಇದನ್ನ? ಅವ್ನ ಉಡಿದಾರ ಇದ್ರಲ್ಲೇ ಮಾಡಿ ಕಟ್ಟು, ಗೊತ್ತಾಯ್ತದೆ."

ಅವರು ಕಲಿಸಿದ ವಿಧಾನ ಹೀಗೆ. ನೂಲಿನ ಎಳೆಗಳನ್ನು ಸೇರಿಸಿ ಒಂದು ತುದಿಯನ್ನು ಕಂಬದ ಮೊಳೆಗೆ ಹಾಕಬೇಕು. ಇನ್ನೊಂದು ತುದಿಯನ್ನು ಹಿಡಿದು ಅಂಗೈಗಳ ನಡುವೆ ಒಂದೇ ಕಡೆಗೆ ಹೊಸೆಯುತ್ತ ಹೋಗಬೇಕು. ಹುರಿ ಏರಿದ ಹಾಗೆ ದಾರ ಕುಗ್ಗುತ್ತದೆ. ಅಷ್ಟಷ್ಟೇ ನಾವು ಮುಂದೆ ಜರುಗಬೇಕು. ಜರುಗಿದ್ದು ಹೆಚ್ಚಾದರೆ ದಾರ ಗಂಟು ಬೀಳುತ್ತದೆ, ಕಡಿಮೆಯಾದರೆ ಒಳಗೆಲ್ಲೋ ಒಂದೆಳೆ ಪಟ್ಟೆಂದು ಹೋಗುತ್ತದೆ. ಹೊರಗೆ ಕಾಣುವುದಿಲ್ಲ. ಹೋದ ಎಳೆ ವರ್ಷದ ಮೇಲೆ ತನ್ನ ಬುದ್ಧಿ ತೋರಿಸುತ್ತದೆ. ಕೊನೆಗೆ ದಾರವನ್ನು ಮಡಿಸಿದರೆ ತಾನೇ ತನ್ನನ್ನು ಸುತ್ತಿಕೊಳ್ಳುತ್ತದೆ. ಮೇಣ ತಿಕ್ಕಿ, ತುದಿಗೆ ಗಂಟು ಹಾಕಿ, ವಿಭೂತಿ ಸವರಿದರೆ ಆಯಿತು.

ನನಗೆ ಈ ಜರುಗುವುದು ಬಹಳ ದಿನ ಬರಲಿಲ್ಲ. ಮಂಗಳ ಕೂರುವುದನ್ನು ಕಲಿತಿದ್ದಳು, ಎದುರಿಗೆ ಕೂರಿಸಿಕೊಂಡು ಹೊಸೆಯುತ್ತಿದ್ದೆ. ಒಂದು ದಿನ ಮೊಳೆಗೆ ಹಾಕಿದ್ದ ತುದಿ ಕಳಚಿ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಬಲಗೈಯಿಂದ ಎಡಮುಷ್ಟಿಯೊಳಗೆ ತುರುಕಿಕೊಂಡಳು. ಅವಳಾಗಿ ಆ ಮುಷ್ಟಿಗೆ ಇಟ್ಟುಕೊಂಡದ್ದು ಹೊರಗೆ ಬರುವುದಿಲ್ಲ ಎಂದು ಗೊತ್ತಿದ್ದರಿಂದ ನಾನು ಹಾಗೇ ಹೊಸೆಯುತ್ತ ಹೋದೆ. ದಾರ ಕುಗ್ಗಿದಷ್ಟೂ ಅವಳು ಕೂತಲ್ಲಿಂದಲೇ ತೆವಳಿಕೊಂಡು ಮುಂದೆ ಬಂದಳು. ದಾರ ಮುಗಿಯುವ ಹೊತ್ತಿಗೆ ಅವಳ ಮಂಡಿ ನನ್ನ ಮಂಡಿಗೆ ತಾಗುತ್ತಿತ್ತು. ಬಿಚ್ಚಿ ನೋಡಿದೆ. ಒಂದು ಎಳೆಯೂ ಹೋಗಿರಲಿಲ್ಲ.

ಅವತ್ತಿನಿಂದ ಮೊಳೆಗೆ ಕೆಲಸ ಇಲ್ಲದಂತಾಯಿತು. ಡಾಕ್ಟರು ಯಾವ ಮುಷ್ಟಿಯನ್ನು ರೋಗ ಎಂದರೋ ಅದರಿಂದಲೇ ನಮ್ಮ ದಾರಕ್ಕೆ ಹೆಸರು ಬಂತು. ದಾರ ಗಟ್ಟಿಯೇ ಎಂದು ನೋಡಲು ಮಾದರಿ ತುಂಡೊಂದನ್ನು ಅವಳ ಬಾಯಿಗೇ ಕೊಡುತ್ತಿದ್ದೆ. ಅವಳು ಕಚ್ಚಿ ಗೆದ್ದರೆ ಮತ್ತೆ ಹೊಸೆಯುತ್ತಿದ್ದೆ. ಅವಳು ಸೋತು ಸಿಟ್ಟಿನಲ್ಲಿ ಉಗಿದ ದಿನ ದಾರ ಸಿದ್ಧವಾಯಿತು. ಅದನ್ನು ತೆಗೆದುಕೊಂಡು ಅಯ್ನೋರ ಮನೆಗೆ ಹೋದೆ. ಅವರು ಎಳೆದು ನೋಡಿದರು, ಕೈಗೆ ಸುತ್ತಿಕೊಂಡು ಎಳೆದು ನೋಡಿದರು.

"ಎಲ್ಲಿ ಕಲ್ತೆ ತಾಯಿ? ಇಂಥ ದಾರ ನಾನು ನೋಡೇ ಇಲ್ಲ" ಎಂದು, ತಮ್ಮ ಕತ್ತಿನ ಹಳೆಯ ದಾರ ತೆಗೆದು ನನ್ನದನ್ನು ಹಾಕಿಕೊಂಡರು. ಮಠಕ್ಕೆ ಬೇಕು, ದೀಕ್ಷೆಗಳಿಗೆ ಬೇಕು ಎಂದು ಇನ್ನಷ್ಟು ಹೇಳಿದರು. ಮಗಳ ವಿಷಯ ಎತ್ತಿದೆ. "ದಾರ ಗಟ್ಟಿಯಾಯ್ತು, ಸರಿ. ಅರಿವು?" ಎಂದರು.

ಹೀಗೆ ಸುತ್ತಮುತ್ತಲಿನ ಊರುಗಳ ಕತ್ತಿಗೆಲ್ಲ ನಾವಿಬ್ಬರೂ ದಾರ ಹೊಸೆದೆವು. ಆಚೆ ತುದಿ ಹಿಡಿದವಳ ಕತ್ತು ಮಾತ್ರ ಖಾಲಿ.

ಮುಷ್ಟಿಯ ವಿಷಯ ಬಂತು, ನಿಮ್ಮಲ್ಲಿ ಕೆಲವರಿಗೆ ಇದು ಬೇಕಾಗುತ್ತದೆ. ಬಿಚ್ಚದ ಕೈಯೊಳಗೆ ಬೆವರು ನಿಂತು ವಾಸನೆ ಬರುತ್ತದೆ, ಉಗುರು ಅಂಗೈಯೊಳಗೆ ಇಳಿಯುತ್ತದೆ. ನಮ್ಮ ಕಾಲದಲ್ಲಿ ಬಲವಂತವಾಗಿ ಬೆರಳು ಬಿಡಿಸಿ ಪಟ್ಟಿ ಕಟ್ಟಿ ಕಳಿಸುತ್ತಿದ್ದರು. ಮಗು ಕಿರುಚುತ್ತಿದ್ದರೆ "ನೀವು ಮನೇಲಿ ಸರಿಯಾಗಿ ಮಾಡಿಸ್ತಿಲ್ಲ" ಎಂದು ನನಗೇ ಬೈಗುಳ. ಈಗ ಕೇಂದ್ರದ ಹುಡುಗಿಯರು ಬಿಸಿನೀರಿನಲ್ಲಿ ಕೈ ಅದ್ದಿ, ಮಣಿಕಟ್ಟು ಬಗ್ಗಿಸಿ, ಬೆರಳು ತಾನಾಗಿ ಸಡಿಲವಾಗುವವರೆಗೆ ಕಾಯುತ್ತಾರೆ. ಅದನ್ನು ಮೊದಲ ಸಲ ನೋಡಿದಾಗ ನಾನು ಎದ್ದು ಹೊರಗೆ ಹೋಗಿ ನಿಂತುಕೊಂಡೆ. ಇಷ್ಟೇ ಇದ್ದದ್ದು. ಇಷ್ಟನ್ನು ಯಾರಾದರೂ ಆಗ ಹೇಳಬಹುದಿತ್ತು.

ಉಗುರು ತಾಗದಿರಲಿ ಎಂದು ಮುಷ್ಟಿಯೊಳಗೆ ಬಟ್ಟೆಯ ಸುರುಳಿ ಇಡುತ್ತಿದ್ದೆ. ಮಂಗಳ ಅದನ್ನು ಕಿತ್ತು ಎಸೆಯುತ್ತಿದ್ದಳು. ಒಂದು ಸಲ ನದಿಯ ಹತ್ತಿರ ಕೂತಿದ್ದಾಗ ಒಂದು ನುಣ್ಣನೆಯ ಕಪ್ಪು ಕಲ್ಲು ಸಿಕ್ಕಿತು, ನೇರಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದು. ತಣ್ಣಗಿತ್ತು ಎಂದೋ ಏನೋ, ಅದನ್ನು ಅವಳು ಎಸೆಯಲಿಲ್ಲ, ದಾರದ ತುದಿಯನ್ನೂ ಅದರ ಪಕ್ಕದಲ್ಲೇ ತುರುಕಿಕೊಳ್ಳುತ್ತಿದ್ದಳು. ಸ್ನಾನ ಮಾಡಿಸುವಾಗ ತೆಗೆದು ತೊಳೆದು ಮತ್ತೆ ಇಡುತ್ತಿದ್ದೆ. ಕೊಡುವುದು ಒಂದು ಕ್ಷಣ ತಡವಾದರೆ ಬಲಗೈ ಚಾಚಿ ಗಲಾಟೆ ಮಾಡುತ್ತಿದ್ದಳು.

ನಮ್ಮನೆಯವರು ದಿನ ಬೆಳಗ್ಗೆ ದೇವರ ಕೋಣೆಯಲ್ಲಿ ಚಾಪೆ ಹಾಕಿ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಲಿಂಗವನ್ನೇ ನೋಡುತ್ತ ಕೂರುವುದು ಕ್ರಮ. ಒಂದು ಬೆಳಗ್ಗೆ ನಾನು ಹಾಲು ಇಳಿಸಿ ಬಂದು ನೋಡುತ್ತೇನೆ, ಅಪ್ಪನ ಹಿಂದೆ ಕೂತು ಮಂಗಳ ತನ್ನ ಎಡಗೈ ಎತ್ತಿದ್ದಾಳೆ. ಬೆರಳುಗಳ ಸಂದಿಯಿಂದ ಕಲ್ಲಿನ ಕಪ್ಪು ಕಾಣುತ್ತಿದೆ. ಜೊಲ್ಲು ಸುರಿಯುತ್ತಿದೆ, ಕಣ್ಣು ಕದಲುತ್ತಿಲ್ಲ.

ಅತ್ತೆ ಬಾಗಿಲಲ್ಲೇ ನಿಂತು, "ಅಯ್ಯೋ ಶಿವನೇ, ಕಲ್ಲು ತಕ್ಕೊಂಡು ಅಣಕಿಸ್ತಾವ್ಳೆ ಕಣೋ, ಕಿತ್ತಾಕು" ಎಂದರು.

ನಮ್ಮನೆಯವರು ತಿರುಗಿ ನೋಡಿದರು. ಪೂಜೆಯ ನಡುವೆ ಅವರು ಮಾತಾಡುವವರಲ್ಲ. ಎದ್ದು ಚಾಪೆಯನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಅವಳಿಗೂ ಜಾಗ ಮಾಡಿ ಮತ್ತೆ ಕೂತರು. ಅವಳ ಹಣೆಗೂ ವಿಭೂತಿ ಹಚ್ಚಿದರು. ಈ ಮದುವೆಯಲ್ಲಿ ನನಗೆ ಸಿಕ್ಕ ಕರುಣೆಗಳನ್ನು ಎಣಿಸಿದರೆ ಆ ಚಾಪೆ ಮೊದಲು ಬರುತ್ತದೆ. ಅವರು ಬದುಕಿದ್ದಷ್ಟು ದಿನ ಇಬ್ಬರೂ ಹಾಗೇ ಕೂತರು. ಅವರು ಹೋದ ಮೇಲೆ ಅವಳೊಬ್ಬಳೇ ಕೂರುತ್ತಿದ್ದಳು, ಪಕ್ಕದ ಜಾಗ ಬಿಟ್ಟು.

ಇನ್ನು ಸಂಬಂಧಿಕರ ವಿಷಯ. ಇವರೂ ಮೇಲಧಿಕಾರಿಗಳೇ. ನನ್ನ ಮೈದುನನ ಮನೆ ಹೆಡತಲೆ ಎಂಬ ಊರಿನಲ್ಲಿದೆ. ಓರಗಿತ್ತಿ ಪ್ರೇಮ ತನ್ನ ಮೊಮ್ಮಕ್ಕಳಿಗೆ ಲಿಂಗದೀಕ್ಷೆ ಇಟ್ಟುಕೊಂಡಳು, ಹುಟ್ಟಿದಾಗ ಕಟ್ಟಿದ ಲಿಂಗವನ್ನು ಮಕ್ಕಳು ಬೆಳೆದ ಮೇಲೆ ಮಂತ್ರ ಹೇಳಿ ಹೊಸ ದಾರದಲ್ಲಿ ಮತ್ತೆ ಕಟ್ಟುವ ಶಾಸ್ತ್ರ. ನೆಂಟರ ಮಕ್ಕಳೂ ಸೇರಿ ಒಂದು ಸಾಲು ಮಕ್ಕಳಾಗಿದ್ದರು. ಕರೆಯಲು ಬಂದವಳು ಅಡುಗೆಮನೆಗೇ ಬಂದು ಕೂತಳು.

"ದಾರ ಎಲ್ಲ ನಿಮ್ ಕೈದೇ ಆಗ್ಬೇಕು ಅಕ್ಕ. ಬೇರೆಯವ್ರದ್ದು ನಂಗೆ ಬ್ಯಾಡ."

"ಆಯ್ತು, ಹೊಸೆದು ತತ್ತೀವಿ."

"ಮಂಗಳನ್ನ..." ಎಂದು ನಿಲ್ಲಿಸಿ, ಕೊತ್ತಂಬರಿ ಸೊಪ್ಪು ಬಿಡಿಸತೊಡಗಿದಳು. "ಬೀಗ್ರ ಕಡೆಯವ್ರು ಬತ್ತಾರೆ. ಪಕ್ಕದ ಮನೇಲಿ ಫ್ಯಾನು, ಟೀವಿ ಎಲ್ಲ ಅದೆ. ಅಲ್ಲೇ ಆರಾಮಾಗಿ ಕುಂತಿರ್ಲಿ."

"ಅವ್ಳು ಟೀವಿ ನೋಡಲ್ಲ ಪ್ರೇಮ."

"ನೋಡ್ದಿದ್ರೆ ಫ್ಯಾನ್ ಗಾಳಿಗಾದ್ರೂ ಕುಂತ್ಕೊಳ್ಲಿ" ಎಂದಳು. ಸೊಪ್ಪು ಮಾತ್ರ ಚೆನ್ನಾಗಿ ಬಿಡಿಸಿದ್ದಳು.

ನಾನು ಪಕ್ಕದ ಮನೆಯಲ್ಲಿ ಬಿಡಲಿಲ್ಲ. ಸ್ನಾನ ಮಾಡಿಸಿ, ಬಿಳಿ ಸೀರೆ ಉಡಿಸಿ, ವಿಭೂತಿ ಹಚ್ಚಿ ಅಂಗಳಕ್ಕೇ ಕರೆತಂದೆ. ಮಕ್ಕಳು ಸಾಲಾಗಿ ಕೂತಿದ್ದರು. ಅಯ್ನೋರು ಆಗ ಬಹಳ ಮುದುಕರಾಗಿದ್ದರು. ಮಗ, ಈಗಿನ ಚಿಕ್ಕ ಅಯ್ನೋರು, ದಾರಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದರು. ಅಯ್ನೋರು ಒಂದೊಂದು ಮಗುವಿನ ಮುಂದೆ ನಿಂತು ಕಿವಿಯಲ್ಲಿ ಮಂತ್ರ ಹೇಳಿ ಕತ್ತಿಗೆ ಕಟ್ಟುತ್ತ ಬಂದರು. ನಾನು ಜನರ ಮಧ್ಯೆ ನಿಂತಿದ್ದೆ. ಕೈ ಹಿಡಿದುಕೊಂಡಿದ್ದ ಮಂಗಳ ಯಾವಾಗ ಬಿಡಿಸಿಕೊಂಡಳೋ ತಿಳಿಯಲಿಲ್ಲ. ದೊಡ್ಡವಳಾದ ಮೇಲೆ ಕಲಿತ ಕುಂಟುನಡಿಗೆಯಲ್ಲಿ ಹೋಗಿ ಸಾಲಿನ ಕೊನೆಯಲ್ಲಿ ಆ ಚಿಕ್ಕ ಮಕ್ಕಳ ಪಕ್ಕದಲ್ಲಿ ಕೂತಳು. ಆಗ ಅವಳ ತಲೆಯಲ್ಲಿ ಒಂದೆರಡು ನರೆಗೂದಲಿದ್ದವು. ಕೊನೆಯ ಮಗುವಿಗೆ ಕಟ್ಟಿದ್ದಾಯಿತು. ಅವಳು ಅವರೆಲ್ಲ ಬಗ್ಗಿಸಿದ ಹಾಗೆಯೇ ತಲೆ ಬಗ್ಗಿಸಿ ಕತ್ತು ಚಾಚಿದಳು.

ತಟ್ಟೆಯಲ್ಲಿ ದಾರ ಉಳಿದಿತ್ತು. ಯಾವಾಗಲೂ ಒಂದು ಹೆಚ್ಚಿಗೆ ಹೊಸೆಯುವುದು ನಮ್ಮ ಪದ್ಧತಿ. ಅಯ್ನೋರು ಅವಳ ತಲೆಯ ಮೇಲೆ ಕೈ ಇಟ್ಟು, "ಒಳ್ಳೇದಾಗ್ಲಿ ಕೂಸೆ" ಎಂದು ಹೇಳಿ ಮುಂದೆ ಹೋದರು. ಮುಂದೆ ಯಾರೂ ಇರಲಿಲ್ಲ. ಗೋಡೆ ಇತ್ತು. ಮಂಗಳ ತಲೆ ಎತ್ತಲಿಲ್ಲ. ಊಟಕ್ಕೆ ಎಲೆ ಹಾಕುವವರೆಗೂ ಹಾಗೇ ಕೂತಿದ್ದಳು. ಬೀಗರ ಕಡೆಯವರೊಬ್ಬರು "ಯಾರಿದು, ಪ್ರಸಾದಕ್ಕೆ ಕುಂತಿರೋದಾ?" ಎಂದು ಕೇಳಿದರು.

ಅರಿವು ಅರಿವು ಎಂದು ಅವರು ಕೇಳುತ್ತಿದ್ದದ್ದು ಇದನ್ನಲ್ಲದೆ ಇನ್ನೇನನ್ನು? ಕತ್ತು ಚಾಚಿ ಕೂತವಳಿಗೆ ಅದು ಇಲ್ಲವಾದರೆ, ಅಲ್ಲಿ ಬೆಲ್ಲಕ್ಕೆ ಅಳುತ್ತಿದ್ದ ಮಕ್ಕಳಿಗೆ ಇತ್ತೇ? ಹುಟ್ಟಿದ ದಿನ ಕಟ್ಟಿದರಲ್ಲ, ಅವತ್ತು ಯಾವ ಮಗುವಿಗಿತ್ತು? ಇದನ್ನು ನಾನು ಆಮೇಲೆ ಚಿಕ್ಕ ಅಯ್ನೋರ ಹತ್ತಿರ ಕೇಳಿಯೇಬಿಟ್ಟೆ. ದೊಡ್ಡವರು ಲಿಂಗೈಕ್ಯರಾಗಿದ್ದರು. ಮಗ ಕಾಲೇಜು ಓದಿದವರು, ಮೃದುವಾಗಿ ಮಾತಾಡುವವರು.

"ನೀವು ಕೇಳೋದು ನ್ಯಾಯ ತಾಯಿ. ನಂಗೇನೂ ಅಡ್ಡಿ ಇಲ್ಲ. ಅಪ್ಪಾಜಿ ಬೇಡ ಅಂದಿದ್ದನ್ನ ನಾನು ಬಂದ ತಕ್ಷಣ ಮಾಡಿದ್ರೆ ಜನ ಮಾತಾಡ್ತಾರೆ, ಅಷ್ಟೆ. ಬರೋ ಶಿವರಾತ್ರಿಗೆ ನೋಡೋಣ."

ಶಿವರಾತ್ರಿ ಬಂತು. ಅವರಿಗೆ ಬೇರೆ ಊರಿನಲ್ಲಿ ಕಾರ್ಯಕ್ರಮ. ಇನ್ನೊಂದು ಬಂತು. ಜನ ಮಾತಾಡುವುದನ್ನು ಅವರು ಇನ್ನೂ ಲೆಕ್ಕ ಹಾಕುತ್ತಿದ್ದರು. ಬೇಡ ಎಂದವರಿಗಿಂತ ನೋಡೋಣ ಎಂದವರು ನನ್ನನ್ನು ಹೆಚ್ಚು ಸವೆಸಿದರು. ಬೇಡ ಎಂದವರ ಮೇಲೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಒಂದು ಶಕ್ತಿ ಇರುತ್ತದೆ. ನೋಡೋಣ ಎಂದವರ ಮನೆಗೆ ಹಣ್ಣು ಹಿಡಿದುಕೊಂಡು ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ನಮ್ಮ ಕಸುಬೂ ಆ ಹೊತ್ತಿಗೆ ಇಳಿದಿತ್ತು. ಯಂತ್ರದಲ್ಲಿ ಮಾಡಿದ ಬಣ್ಣಬಣ್ಣದ ದಾರ ಅಂಗಡಿಗೆ ಬಂತು. ನೈಲಾನು, ಎಷ್ಟು ಕಚ್ಚಿದರೂ ಹರಿಯುವುದಿಲ್ಲ. ನಾವು ವರ್ಷಗಟ್ಟಲೆ ಒದ್ದಾಡಿ ಸಾಧಿಸಿದ್ದು ಅದರಲ್ಲಿ ಹುಟ್ಟಿನಿಂದಲೇ ಇದೆ. ನನಗೂ ಬೆರಳ ಗೆಣ್ಣು ನೋವು. ಆದರೂ ಮಧ್ಯಾಹ್ನ ಮಂಗಳ ನೂಲಿನ ಬುಟ್ಟಿ ಎಳೆದುಕೊಂಡು ಬಂದು ನನ್ನೆದುರು ಕೂರುತ್ತಿದ್ದಳು, ಹೊಸೆಯದಿದ್ದರೆ ಬಿಡುತ್ತಿರಲಿಲ್ಲ.

ಕಾರ್ತಿಕದಲ್ಲಿ ಶೀತವಾಯಿತು. ಕಫ ಎದೆಗೆ ಇಳಿಯಿತು. ಇಂಥ ಮಕ್ಕಳಿಗೆ ಕೆಮ್ಮಿ ಕಫ ತೆಗೆಯುವ ಶಕ್ತಿ ಇರುವುದಿಲ್ಲ, ಅದನ್ನು ನೆನಪಿಡಿ, ಸಣ್ಣ ಶೀತ ಎಂದು ಬಿಡಬೇಡಿ. ನಾನು ಬಿಡಲಿಲ್ಲ, ಆಸ್ಪತ್ರೆಗೆ ಸೇರಿಸಿದೆ, ಆದರೂ ಹೋದಳು. ನನಗಿಂತ ಮೊದಲು ಅವಳನ್ನು ಕರೆದುಕೋ ಎಂದು ದಿನವೂ ನಂಜುಂಡಪ್ಪನನ್ನು ಕೇಳುತ್ತಿದ್ದೆ. ನಾನು ಕೇಳಿದ್ದರಲ್ಲಿ ಅವನು ನಡೆಸಿಕೊಟ್ಟದ್ದು ಅದೊಂದನ್ನು. ಕರುಣೆ ಎಂದೇ ಎಣಿಸಿದ್ದೇನೆ. 

ಹೆಡತಲೆಯ ಜಮೀನಿನಲ್ಲಿ, ಅವಳ ಅಪ್ಪನ ಪಕ್ಕದಲ್ಲಿ ಗುಂಡಿ ತೆಗೆದರು. ಮನೆಯ ಅಂಗಳದಲ್ಲಿ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿದ್ದೆವು. ಚಿಕ್ಕ ಅಯ್ನೋರು ಬಂದರು. ಕೈಯಲ್ಲಿ ಹೊಸ ಲಿಂಗ ಇತ್ತು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು.

"ತಾಯಿ, ತಂದಿದ್ದೀನಿ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಬಾರದು.

ಮೈದುನ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಟ್ಟ. "ಕಟ್ಬುಡಿ ಬುದ್ಧಿ. ಇನ್ನು ಬೀಳ್ಸೋ ಭಯಾನೂ ಇಲ್ಲ, ಎಂಜ್ಲಾಗೋ ಭಯಾನೂ ಇಲ್ಲ." ಅವನು ಸಮಾಧಾನಕ್ಕೇ ಹೇಳಿದ್ದು.

ಅಯ್ನೋರು ಬಗ್ಗಿ ಅವಳ ಎಡಗೈ ಎತ್ತಿಕೊಂಡರು. ಮುಷ್ಟಿ ಕಟ್ಟಿತ್ತು. ಬೆರಳ ಸಂದಿಯಲ್ಲಿ ಕಪ್ಪು ಕಲ್ಲು.

"ಇದೇನೋ ಹಿಡ್ಕೊಂಡದೆ. ತೆಗೀರಿ ತಾಯಿ, ಇಲ್ಲಿ ಲಿಂಗ ಇಡ್ಬೇಕು."

"ಅದು ಇರ್ಲಿ ಬುದ್ಧಿ."

"ಕಲ್ಲು ಅಲ್ವಾ?"

"ನಿಮ್ ಕೈಲಿರೋದೂ ಕಲ್ಲೇ ಅಲ್ವಾ ಬುದ್ಧಿ? ಪೂಜೆ ಆದ್ರೆ ತಾನೇ ಲಿಂಗ. ಇದಕ್ಕೆ ದಿನಾ ಪೂಜೆ ಆಗ್ಯದೆ. ಅವರಪ್ಪ ಪಕ್ಕದಲ್ಲೇ ಕೂರ್ಸ್ಕೊಂಡು ಮಾಡ್ಸವ್ರೆ. ಅದ್ನ ಇಸ್ಕೊಂಡು ಕಳ್ಸೋಕೆ ನನ್ನಿಂದಾಗಲ್ಲ."

 ಪ್ರೇಮ "ಅಕ್ಕ, ಸಂಪ್ರದಾಯ..." ಎಂದಳು. ನಾನು ಅವಳ ಕಡೆ ನೋಡಿದೆ, ಹೂವಿನ ಬುಟ್ಟಿ ಸರಿಸತೊಡಗಿದಳು. ಅಯ್ನೋರು ಲಿಂಗ ಹಿಡಿದುಕೊಂಡು ನಿಂತೇ ಇದ್ದರು, ಎಲ್ಲಿಡುವುದು ಎಂದು ತಿಳಿಯದೆ.

"ಹದಿನಾರಿನಲ್ಲಿ ನಿಮ್ ಒಕ್ಕಲು ಒಂದು ಮನೆ ಅದೆಯಲ್ಲ ಬುದ್ಧಿ, ಕವಿತ ಅಂತ ಸೊಸೆ. ಅವ್ಳ ಮಗೀನ ಕತ್ತು ಬರಿದಾಗ್ಯದೆ. ಇದನ್ನ ಅದಕ್ಕೆ ಕಟ್ಟಿ" ಎಂದೆ. "ಅದು ಇನ್ನೂ ಜೀವಂತ ಅದೆ."

ಅವರು ಲಿಂಗವನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿದರು. ಸರಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ನೋಡೋಣ ಎಂದೂ ಹೇಳಲಿಲ್ಲ. ಮಂತ್ರ ಹೇಳಿದರು. ಮಂಗಳ ತನ್ನ ಮುಷ್ಟಿ ಕಟ್ಟಿಕೊಂಡೇ ಹೋದಳು.

ಕವಿತ, ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು. ಅರಿವು ಬರಲಿ ಎಂದು ಕಾಯಬೇಡ. ಎತ್ತಿಟ್ಟ ಲಿಂಗವನ್ನು ನಿನ್ನ ಅತ್ತೆಯಿಂದ ಕೇಳಿ ತೆಗೆದುಕೋ. ಕೊಡದಿದ್ದರೆ ಅಯ್ನೋರ ಮನೆ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಕೂತುಬಿಡು. ನಾನು ಹಣ್ಣು ಹಿಡಿದುಕೊಂಡು ಹೋದೆ, ಕೈಮುಗಿದುಕೊಂಡು ವಾಪಸ್ಸು ಬಂದೆ. ನೀನು ಹಾಗೆ ಬರಬೇಡ. ಎಂಜಲಾದರೆ ತೊಳೆ. ಶಿವನಿಗೆ ಮಗುವಿನ ಜೊಲ್ಲು ಹೊಸದೇನಲ್ಲ.

ಚಿನ್ನುವಿಗೆ ಎಂದು ಈ ವಾರ ದಾರ ಹೊಸೆಯಲು ಕೂತೆ. ಅಂಗಡಿಯ ನೈಲಾನು ಬೇಡ ಎನಿಸಿತು. ಎಷ್ಟೋ ವರ್ಷದ ಮೇಲೆ ತುದಿಯನ್ನು ಕಂಬದ ಮೊಳೆಗೆ ಹಾಕಿದೆ. ಹೊಸೆಯುತ್ತ ಹೋದೆ. ಎರಡು ಸಲ ಒಳಗಿನ ಎಳೆ ಹೋಯಿತು, ಎರಡು ಸಲವೂ ಬಿಚ್ಚಿ ಮೊದಲಿನಿಂದ ಹೊಸೆದೆ. ಹುರಿ ಏರಿ ದಾರ ಕುಗ್ಗುವಾಗ ಜರುಗುವುದು ನನಗೆ ಮರೆತೇಹೋಗಿದೆ. ನಾನು ಕೂತಲ್ಲೇ ಕೂತಿರುತ್ತಿದ್ದೆ, ಅವಳೇ ಬರುತ್ತಿದ್ದಳು. ಮೊಳೆ ಮುಂದೆ ಬರುವುದಿಲ್ಲ.